ಕಚ್ಚಿಟ್ಟ ರೊಟ್ಟಿ

"ಈ ಕಸ ನಿಮ್ಮದಾ?"

ಬಾಗಿಲು ತೆಗೆದ ನಿಗೋರಾ ಕಣ್ಣರಳಿಸಿ ನಿಂತಳು. ಎದುರಿಗೆ ಉದ್ದನೆಯ ಹುಡುಗ. ಅವನ ಕೈಯಲ್ಲಿ, ಬೆಳಿಗ್ಗೆಯಷ್ಟೇ ಅವಳು ಬೀದಿಯ ಮೂಲೆಯಲ್ಲಿ ಇಟ್ಟು ಬಂದಿದ್ದ ಚೀಲ!

"ನಂದೇ ಅಂತ ನಿನಗೆ ಯಾರು ಹೇಳಿದ್ರು?"

"ಒಳಗೆ ವಿಮಾನದ ಲಗೇಜ್ ಚೀಟಿ ಇದೆ. ಅದರ ಮೇಲೆ ನಿಮ್ಮ ಹೆಸರಿದೆ," ಎಂದ ಅವನು ಗಂಭೀರವಾಗಿ. "ಬಾಟಲಿಗಳ ಮುಚ್ಚಳ ತೆಗೆದಿಲ್ಲ. ಲೇಬಲ್ ಕಿತ್ತಿಲ್ಲ. ತೊಳೆದೂ ಇಲ್ಲ. ಅದಿರಲಿ, ಬಾಟಲಿ ಇಡೋ ದಿನ ಇವತ್ತಲ್ಲವೇ ಅಲ್ಲ."

ಸಮರ್ಕಂದದಿಂದ ಕನಜಾವಾಕ್ಕೆ ಒಂದು ಸೆಮಿಸ್ಟರ್ ಓದಲು ಬಂದು ಇನ್ನೂ ವಾರವಾಗಿಲ್ಲ, ಆಗಲೇ ಒಬ್ಬ ತನ್ನ ಕಸ ಬಿಚ್ಚಿ ನೋಡಿ ಪಾಠ ಹೇಳುತ್ತಿದ್ದಾನೆ! ಅವಮಾನಕ್ಕೆ ಅವಳ ಕಿವಿ ಬಿಸಿಯಾಯಿತು. ಬಾಗಿಲು ಹಾಕಿಬಿಡೋಣ ಎನ್ನುವಷ್ಟರಲ್ಲಿ ಅವನು ಅಲ್ಲೇ ಹೊಸ್ತಿಲ ಬಳಿ ಮಂಡಿಯೂರಿ, ಒಂದೊಂದೇ ಬಾಟಲಿಯ ಮುಚ್ಚಳ ತಿರುಗಿಸಲು ಶುರುಮಾಡಿದ. ಪೂಜೆಗೆ ಕೂತವನಷ್ಟು ಶ್ರದ್ಧೆ!

ಕೋಪ ಬರಬೇಕಾದ ಕಡೆ ಅವಳಿಗೆ ನಗು ಬಂತು. ಕೆಟ್ಟದ್ದು ಅಲ್ಲೇ.

ಹಾಸ್ಟೆಲಿನ ಕಸದ ಉಸ್ತುವಾರಿ ಅವನದು. ಹೆಸರು ಶುಂಪೇಯಿ. ಮುಂದಿನ ಭಾನುವಾರ ಮಾರುಕಟ್ಟೆ ತೋರಿಸಲು ಕರೆದೊಯ್ದ. ಅದರ ಮುಂದಿನ ಭಾನುವಾರವೂ ಬಂದ. ಊಟ ಮರೆತರೂ ಕೊಡೆ ಮರೆಯಬಾರದು ಎನ್ನುವ ಊರು ಅದು; ಅವಳು ಪ್ರತಿಸಲವೂ ಮರೆಯುತ್ತಿದ್ದಳು, ಅವನು ಪ್ರತಿಸಲವೂ ತನ್ನ ಕೊಡೆ ಹಂಚಿಕೊಂಡು ಅರ್ಧ ನೆನೆಯುತ್ತಿದ್ದ. ಮೊದಲ ಹಿಮ ಬಿದ್ದ ದಿನ ಇಳಿಜಾರಿನಲ್ಲಿ ಅವಳು ಜಾರಿದಾಗ ಕೈ ಹಿಡಿದವನು, ಹಾಸ್ಟೆಲ್ ಬರುವತನಕ ಬಿಡಲಿಲ್ಲ. ಆಮೇಲೆ ಹಿಮವಿಲ್ಲದ ಭಾನುವಾರಗಳಲ್ಲೂ ಬಿಡಲಿಲ್ಲ.

ಅವಳ ಊರಲ್ಲಾಗಿದ್ದರೆ, ಹುಡುಗ ಹುಡುಗಿ ಹೀಗೆ ಒಂದು ಬೀದಿ ದಾಟಿದರೆ ಸಾಕು, ಸಂಜೆಯೊಳಗೆ ಎರಡೂ ಮನೆಗಳಲ್ಲಿ ಮದುವೆ ಮಾತಿನ ಚಹಾಕ್ಕೆ ನೀರಿಡುತ್ತಿದ್ದರು. 'ಇನ್ನು ಕೇಳೋದೇನಿದೆ? ಇವನು ನನ್ನವನೇ...' ಎಂದುಕೊಂಡಳು ನಿಗೋರಾ.

ಒಂದೇ ಒಂದು ಕಿರಿಕಿರಿ. ಕೈ ಹಿಡಿದೂ ಅವನು 'ನೀವು' ಬಿಡಲಿಲ್ಲ, ಹೆಸರಿನ ಬಾಲಕ್ಕೆ ಮರ್ಯಾದೆಯ 'ಸಾನ್' ಹಚ್ಚೋದನ್ನೂ ಬಿಡಲಿಲ್ಲ!

ಒಮ್ಮೆ ಅವಳು ಅಮ್ಮನ ಜೊತೆ ವಿಡಿಯೋದಲ್ಲಿ ಮಾತಾಡುತ್ತಿದ್ದಾಗ, ಅಮ್ಮನ ಬೆನ್ನ ಹಿಂದೆ ಅಡುಗೆಮನೆಯ ಗೋಡೆಗೆ ತೂಗುಹಾಕಿದ್ದ ಕಚ್ಚಿದ ರೊಟ್ಟಿ ಅವನ ಕಣ್ಣಿಗೆ ಬಿತ್ತು.

"ಅದು ನಂದು," ಎಂದಳು ಹೆಮ್ಮೆಯಿಂದ. "ಊರು ಬಿಡೋವಾಗ ಒಂದು ತುತ್ತು ಕಚ್ಚಿ ಬಂದೆ. ಉಳಿದದ್ದನ್ನ ವಾಪಸ್ ಹೋಗಿ ನಾನೇ ತಿನ್ನಬೇಕು. ಅಲ್ಲೀತನಕ ಅಮ್ಮ ಯಾರನ್ನೂ ಮುಟ್ಟೋಕೆ ಬಿಡಲ್ಲ. ಅದು ನನ್ನನ್ನ ಮನೆಗೆ ಎಳಕೊಂಡು ಬರುತ್ತೆ."

ಶುಂಪೇಯಿ ಬಹಳ ಹೊತ್ತು ಯೋಚಿಸಿದ. ಈಗ ಏನಾದರೂ ಚಂದದ ಮಾತಾಡುತ್ತಾನೆ ಎಂದು ಅವಳು ಕಾದಳು.

"ಬೂಷ್ಟು ಹಿಡಿಯಲ್ವಾ?"

ದೇವರೇ!

ಫೆಬ್ರವರಿ ಬಂತು. ಪೆಟ್ಟಿಗೆ ಕಟ್ಟಲು ಕೆಲವೇ ವಾರಗಳು. ಆಗ ಪ್ರೊಫೆಸರ್ ಕರೆದು ಹೇಳಿದರು: ಮುಂದಿನ ಸೆಮಿಸ್ಟರಿಗೆ ಒಂದು ಜಾಗ ಖಾಲಿ ಇದೆ, ಉಳಿಯುವುದಾದರೆ ಶುಕ್ರವಾರದೊಳಗೆ ತಿಳಿಸು.

ಅವಳು ಓಡೋಡಿ ಹೋದದ್ದು ಶುಂಪೇಯಿ ಬಳಿಗೆ. ಕಾಲೇಜಿನ ಎದುರಿನ ಪುಟ್ಟ ಅಂಗಡಿಯಲ್ಲಿ ಬಿಸಿ ಸಾರಿನಲ್ಲಿ ಬೆಂದ ಮೂಲಂಗಿ ತಿನ್ನುತ್ತಿದ್ದ ಅವನು, ಎಲ್ಲವನ್ನೂ ಕೇಳಿಸಿಕೊಂಡ.

'ಇರು ಅನ್ನು. ಒಂದೇ ಒಂದು ಸಲ ಇರು ಅನ್ನು. ಅಮ್ಮನನ್ನ ನಾನು ಒಪ್ಪಿಸ್ತೀನಿ...'

"ಚೆನ್ನಾಗಿ ಯೋಚನೆ ಮಾಡಿ ನಿರ್ಧಾರ ಮಾಡಿ," ಎಂದ ಅವನು.

"ನಿನಗೇನನ್ನಿಸುತ್ತೆ?"

"ನನ್ನ ಅಭಿಪ್ರಾಯ ಮುಖ್ಯ ಅಲ್ಲ, ನಿಗೋರಾ-ಸಾನ್."

"ನಾನು ಕೇಳ್ತಾ ಇದ್ದೀನಲ್ಲ!"

"ಮೂಲಂಗಿ ತಗೊಳ್ಳಿ. ಆರಿಹೋಗುತ್ತೆ."

ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ಅವಳು ಆ ಮೂಲಂಗಿಯನ್ನು ಜೀವಮಾನದ ವೈರಿಯಂತೆ ಅಗಿದು ನುಂಗಿದಳು.

ಗುರುವಾರ ಸಂಜೆ ತರಗತಿಯವರ ಬೀಳ್ಕೊಡುಗೆ ಊಟ. ನಾಲ್ಕು ಗುಟುಕು ಬಿಯರ್ ಒಳಗೆ ಹೋದ ಹುಡುಗನೊಬ್ಬ ಮೇಜಿನ ಆ ತುದಿಯಿಂದ ಕೂಗಿದ.

"ಲೋ ಶುಂಪೇಯಿ, ನೀನೂ ನಿಗೋರಾನೂ ಜೋಡಿನಾ? ನಿಜ ಹೇಳು!"

ಮೇಜಿಡೀ ಇತ್ತ ತಿರುಗಿತು. ನಿಗೋರಾ ಶುಂಪೇಯಿಯನ್ನೇ ನೋಡಿದಳು. ಶುಂಪೇಯಿ ಊಟದ ಕಡ್ಡಿಗಳನ್ನು ಕೆಳಗಿಟ್ಟು, ಬೆನ್ನು ನೆಟ್ಟಗೆ ಮಾಡಿ ಕೂತ.

"ಇಲ್ಲ. ನಾವು ಜೋಡಿ ಅಲ್ಲ."

ಅಷ್ಟೇ! ಬಾಟಲಿ ಇಡೋ ದಿನ ಇವತ್ತಲ್ಲ ಎಂದು ಹೇಳಿದ್ದನಲ್ಲ, ಅದೇ ದನಿ!

ಅವಳು ಕೋಟು ಎತ್ತಿಕೊಂಡು ಹೊರಗೆ ನಡೆದಳು. ಕೊಡೆ ಅವತ್ತೂ ಮರೆತಿದ್ದಳು. ಹಿಮ ತಲೆಯ ಮೇಲೆ ಬೀಳುತ್ತಿತ್ತು, ಕಣ್ಣೀರು ತಾನೇ ತಾನಾಗಿ ಇಳಿಯುತ್ತಿತ್ತು. 'ಅಮ್ಮನಿಗೂ ಇವನ ಹೆಸರು ಹೇಳಿಬಿಟ್ಟಿದ್ದೀನಲ್ಲ... ನನ್ನಂಥ ದಡ್ಡಿ ಯಾರಿದ್ದಾರೆ?'

ಶುಕ್ರವಾರ ಬೆಳಿಗ್ಗೆ ಪ್ರೊಫೆಸರ್ ಕೋಣೆಗೆ ಹೋಗಿ, ಊರಿಗೆ ಹೊರಡುತ್ತೇನೆ ಎಂದು ಹೇಳಿ ಬಂದಳು. ಆ ಜಾಗಕ್ಕೆ ಕಾಯುತ್ತಿದ್ದವರಿದ್ದರು. ಮಧ್ಯಾಹ್ನದೊಳಗೆ ಬೇರೆಯವರ ಪಾಲಾಯಿತು.

ಸಂಜೆ ಬಾಗಿಲು ಸದ್ದಾಯಿತು.

"ನಿಗೋರಾ-ಸಾನ್... ನಾನು."

"ಕಸದ ವಿಷಯ ಆದ್ರೆ ನಾಳೆ ಬಾ!" ಎಂದಳು ಒಳಗಿನಿಂದಲೇ.

"ಕಸದ ವಿಷಯ ಅಲ್ಲ."

"ಹಾಗಾದ್ರೆ ಬರಲೇ ಬೇಡ!"

ಹೊರಗೆ ಚೀಲದ ಸರಸರ ಸದ್ದು. ಆಮೇಲೆ ಹೆಜ್ಜೆ ದೂರವಾಯಿತು. ಬೆಳಿಗ್ಗೆ ನೋಡಿದರೆ ಬಾಗಿಲ ಹಿಡಿಗೆ ಕಿತ್ತಳೆಯ ಚೀಲ ನೇತಾಡುತ್ತಿತ್ತು. ಸಿಪ್ಪೆ ಯಾವ ದಿನದ ಕಸ ಎಂಬ ಚೀಟಿಯೂ ಇರಬಹುದೆಂದು ಹುಡುಕಿದಳು. ಇರಲಿಲ್ಲ. ಅದಕ್ಕೂ ಅಳು ಬಂತು.

ಒಂದು ವಾರ ಅವನ ಕಣ್ಣು ತಪ್ಪಿಸಿಕೊಂಡೇ ಓಡಾಡಿದಳು. ಕೊನೆಗೆ ಪಕ್ಕದ ಕೋಣೆಯ ಚಿನಾಮಿ, ಪೆಟ್ಟಿಗೆ ಕಟ್ಟಲು ಸಹಾಯಕ್ಕೆ ಬಂದವಳು, ಬಾಯಿ ತೆರೆದಳು.

"ಅವನು ಸುಳ್ಳೇನೂ ಹೇಳಲಿಲ್ವಲ್ಲೇ. ನಿಮ್ಮಿಬ್ಬರಲ್ಲಿ ಯಾರಾದ್ರೂ ಹೇಳ್ಕೊಂಡಿದ್ದೀರಾ?"

"ಏನನ್ನ?"

"ಅದೇ... ನೀನಂದ್ರೆ ನನಗಿಷ್ಟ, ನನ್ನ ಜೋಡಿ ಆಗ್ತೀಯಾ ಅಂತ. ಎದುರು ನಿಂತು, ಬಾಯಿಬಿಟ್ಟು."

"ಕೈ ಹಿಡ್ಕೊಂಡು ಊರೆಲ್ಲ ಸುತ್ತಿದ್ದೀವಿ ಕಣೇ! ಇನ್ನೇನು ಹೇಳೋದು?"

"ಎಷ್ಟು ಸುತ್ತಿದ್ರೂ ಗೆಳೆಯರೇ. ಇಲ್ಲಿ ಒಬ್ಬರು ಹೇಳಬೇಕು, ಇನ್ನೊಬ್ಬರು ಹೂಂ ಅನ್ನಬೇಕು. ಆಮೇಲೇ ಜೋಡಿ. ನಿನಗೇ ಹೇಳದೇ ಅವತ್ತು ಊಟದಲ್ಲಿ ಎಲ್ಲರೆದುರು ಹೌದು ಅಂದಿದ್ರೆ ನಿನ್ನ ಹೆಸರು ಕೆಡಿಸಿದ ಹಾಗಲ್ವಾ?" ಚಿನಾಮಿ ಅವಳನ್ನೇ ನೋಡಿದಳು. "ಶುಕ್ರವಾರ ಸಂಜೆ ಇಸ್ತ್ರಿ ಮಾಡಿದ ಶರ್ಟು ಹಾಕ್ಕೊಂಡು ನಿನ್ನ ಬಾಗಿಲಲ್ಲಿ ನಿಂತಿದ್ದ. ಯಾಕೆ ಅಂದ್ಕೊಂಡೆ? ನೀನು ಬಾಗಿಲು ತೆಗೆದಿದ್ರೆ ತಾನೇ!"

ನಿಗೋರಾ ಪೆಟ್ಟಿಗೆಯ ಮೇಲೆ ದೊಪ್ಪನೆ ಕೂತಳು.

ಮರುದಿನ ಪ್ಲಾಸ್ಟಿಕ್ ಕಸದ ದಿನ. ಬೆಳಿಗ್ಗೆ ಬೀದಿ ಮೂಲೆಯಲ್ಲಿ ಶುಂಪೇಯಿ, ಕಾಗೆಗಳು ಎಳೆಯದಂತೆ ಚೀಲಗಳ ಮೇಲೆ ಬಲೆ ಹೊದಿಸುತ್ತಿದ್ದ. ನಿಗೋರಾ ತನ್ನ ಚೀಲ ಹಿಡಿದು ನೇರ ಅವನೆದುರು ನಿಂತಳು.

"ಶುಕ್ರವಾರ ಏನು ಹೇಳೋಕೆ ಬಂದಿದ್ದೆ?"

ಅವನ ಮುಖ ಕೆಂಪಾಯಿತು. "ಇಲ್ಲೇ ಹೇಳಬೇಕಾ? ಕಸದ ಪಕ್ಕದಲ್ಲಾ?"

"ನಾವು ಮಾತು ಶುರು ಮಾಡಿದ್ದೇ ಕಸದಿಂದ. ಹೇಳು!"

ಅವನು ಕೈಗವಸು ತೆಗೆದ. ಸೊಂಟ ಬಾಗಿಸಿ ನಮಸ್ಕರಿಸಿದ.

"ನೀವಂದ್ರೆ ನನಗಿಷ್ಟ. ತುಂಬಾ ಇಷ್ಟ. ದಯವಿಟ್ಟು ನನ್ನ ಜೋಡಿ ಆಗ್ತೀರಾ?"

ಅವಳು ಕಸದ ಚೀಲ ಕೆಳಗಿಟ್ಟಳು. "ಇದನ್ನ ಮೂಲಂಗಿ ತಿನ್ನೋವಾಗ ಯಾಕೆ ಹೇಳಲಿಲ್ಲ?"

"ಆಗ ಹೇಳಿದ್ರೆ, ನೀವು ನನಗೋಸ್ಕರ ಉಳೀತಿದ್ರಿ." ಅವನಿನ್ನೂ ಬಾಗಿಯೇ ಇದ್ದ. "ನಿಮ್ಮ ಓದು, ನಿಮ್ಮ ಅಮ್ಮ... ಅದರ ನಡುವೆ ನಾನು ಬಂದು ಕೂರಬಾರದು ಅನ್ನಿಸ್ತು. ನೀವು ನಿಮ್ಮ ಪಾಡಿಗೆ ನಿರ್ಧಾರ ಮಾಡಲಿ, ಶುಕ್ರವಾರದ ಗಡುವು ಕಳೆದ ತಕ್ಷಣ ಹೇಳೋಣ ಅಂತ ಕಾದೆ."

"ಅಯ್ಯೋ ಬೆಪ್ಪೇ! ಉಳಿಯೋಕೆ ಒಂದು ಕಾರಣ ಸಿಗಲಿ ಅಂತ ತಾನೇ ನಾನು ನಿನ್ನ ಹತ್ರ ಓಡಿ ಬಂದದ್ದು! ಜಾಗ ಹೋಯ್ತಲ್ಲೋ!"

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಅವಳು ಅಳುತ್ತಲೇ ಅವನ ತೋಳಿಗೆ ಗುದ್ದಿದಳು. ಅವನೂ ಅಳುತ್ತಿದ್ದ. ಕಸದ ಚೀಲ ಇಡಲು ಬಂದ ಅಜ್ಜಿಯೊಬ್ಬಳು ಇಬ್ಬರನ್ನೂ ನೋಡಿ, ಚೀಲ ಮೆಲ್ಲಗೆ ಇಟ್ಟು, ಏನೂ ಕಾಣದವಳಂತೆ ನಡೆದಳು.

"ನೀವಿನ್ನೂ ಉತ್ತರ ಹೇಳಲಿಲ್ಲ," ಎಂದ ಶುಂಪೇಯಿ ಮೂಗೊರೆಸಿಕೊಳ್ಳುತ್ತ.

"ಹೂಂ! ಹೂಂ! ಹೂಂ! ಸಾಕಾ?"

"ಒಂದು ಸಲ ಸಾಕಿತ್ತು."

ಹೊರಡುವ ದಿನದ ಬೆಳಿಗ್ಗೆ ನಿಗೋರಾ ಹಾಸ್ಟೆಲಿನ ಪುಟ್ಟ ಒಲೆಯಲ್ಲಿ ದುಂಡನೆಯ ರೊಟ್ಟಿ ಸುಟ್ಟಳು. ಅಂಚು ಸ್ವಲ್ಪ ಸೀದಿತ್ತು. ಬಸ್ ನಿಲ್ದಾಣದಲ್ಲಿ ಅದರಿಂದ ಒಂದು ತುತ್ತು ಕಚ್ಚಿ, ಉಳಿದದ್ದನ್ನು ಅವನ ಎರಡೂ ಕೈಗಳಲ್ಲಿಟ್ಟಳು. ಡಿಗ್ರಿ ಮುಗಿಸಿ ಮತ್ತೆ ಅರ್ಜಿ ಹಾಕುವುದೆಂದು ತೀರ್ಮಾನಿಸಿದ್ದಳು. ಸಿಗುತ್ತದೋ ಇಲ್ಲವೋ, ಯಾರು ಬಲ್ಲರು?

"ಇದು ನಂದು. ನಾನೇ ಬಂದು ತಿನ್ನಬೇಕು."

ಶುಂಪೇಯಿ ರೊಟ್ಟಿಯನ್ನು ನೋಡಿದ. ಬಹಳ ಹೊತ್ತು ಯೋಚಿಸಿದ.

"ಬೂಷ್ಟು ಅಂದ್ರೆ ನೋಡು...!" ಅವಳು ಬೆರಳೆತ್ತಿದಳು.

"ಇಲ್ಲಿ ಗಾಳಿ ತುಂಬಾ ತೇವ..." ಎಂದ ಅವನು ಮೆಲ್ಲಗೆ. "ಫ್ರೀಜರ್‌ನಲ್ಲಿಟ್ಟರೆ ನಡೆಯುತ್ತಾ? ಹೆಸರು ಬರೆದಿಡ್ತೀನಿ. ಬರೀದಿದ್ರೆ ಹಾಸ್ಟೆಲಲ್ಲಿ ಎಸೆದುಬಿಡ್ತಾರೆ."

"ಯಾರ ಹೆಸರು?"

"ನಮ್ಮಿಬ್ಬರದೂ."

ಬಸ್ಸಿನ ಬಾಗಿಲು ತೆರೆಯಿತು. ಮೆಟ್ಟಿಲು ಹತ್ತಿದವಳು ತಿರುಗಿ ನೋಡಿದಳು. ಶುಂಪೇಯಿ ರೊಟ್ಟಿಯನ್ನು ಎದೆಗವಚಿಕೊಂಡು ನಿಂತಿದ್ದ.

"ನಿಗೋರಾ..." ಎಂದ. 'ಸಾನ್' ಇರಲಿಲ್ಲ. "ಹೋಗಬೇಡ ಅನ್ನಿಸ್ತಿದೆ. ಬೇಗ ಬಾ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಉಕ್ಕಿ ಬಂದವು.

"ಇದನ್ನ ಶುಕ್ರವಾರಕ್ಕೆ ಮುಂಚೆ ಹೇಳೋಕೆ ನಿನಗೇನು ಧಾಡಿ ಆಗಿತ್ತೋ!"