ನಾಲ್ಕೂ ಇಪ್ಪತ್ತರ ನೆಟ್ಟು

ಅಮೆರಿಕದ ವಾಲ್ನಟ್ ಕ್ರೀಕಿನ ಆ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ ದಿನಾ ಸಂಜೆ ನಾಲ್ಕೂ ಇಪ್ಪತ್ತಕ್ಕೆ ಸರಿಯಾಗಿ ಇಂಟರ್ನೆಟ್ಟು ಪ್ರಾಣ ಬಿಡುತ್ತಿತ್ತು. ಅರ್ಧ ಗಂಟೆ ಕಳೆದರೆ ತಾನಾಗಿಯೇ ಎದ್ದು ಕೂರುತ್ತಿತ್ತು. ಸಾಯುವುದಕ್ಕೂ ಏಳುವುದಕ್ಕೂ ಟೈಮ್ ಟೇಬಲ್ಲು ಇಟ್ಟುಕೊಂಡಿದೆಯಲ್ಲ ಎಂದು ಹಂಸಾ ಮೊದಮೊದಲು ನಕ್ಕಳು. ಆಮೇಲೆ ನಗು ಬರಲಿಲ್ಲ.

ಅವಳ ಅನ್ನವಿದ್ದದ್ದೇ ಆ ನೆಟ್ಟಿನಲ್ಲಿ. ಇಂಗ್ಲಿಷ್ ಬಾರದ ಕನ್ನಡದ ಹಿರಿಯರು ಆಸ್ಪತ್ರೆಗೆ ಹೋದಾಗ ವಿಡಿಯೋದಲ್ಲಿ ಕೂತು ಅವರ ಮಾತನ್ನು ಡಾಕ್ಟರಿಗೆ, ಡಾಕ್ಟರ ಮಾತನ್ನು ಅವರಿಗೆ ಹೇಳುವ ಕೆಲಸ. ಬಂಗಾರೆವ್ವ ಅನ್ನುವ ಅಜ್ಜಿ ತನಗೆ ಯಾವ ಮಾತ್ರೆ ಆಗಿಬರುವುದಿಲ್ಲ ಎಂದು ಹೇಳಲು ಬಾಯಿ ತೆರೆದಾಗಲೇ ಪರದೆ ಕಲ್ಲಾಯಿತು. ಅದು ಎರಡನೇ ಸಲ. ಈ ತಿಂಗಳು ಬೇಕಾದರೆ ಆ ಹೊತ್ತಿಗೆ ಬ್ರೇಕ್ ತಗೊಳ್ಳಿ, ಮುಂದಿನ ತಿಂಗಳು ಲೈನು ಕಟ್ಟಾದರೆ ಪಟ್ಟಿಯಿಂದ ಹೆಸರು ತೆಗೆಯುತ್ತೇವೆ ಎಂದು ಏಜೆನ್ಸಿಯಿಂದ ಮೇಲ್ ಬಂತು. ಇಂಟರ್ನೆಟ್ ಕಂಪನಿಯವರೋ, ನಮ್ಮ ಕಡೆ ಎಲ್ಲ ಸರಿಯಿದೆ, ದೊಡ್ಡ ಪ್ಲಾನ್ ತಗೊಳ್ಳಿ ಎಂದು ರಾಗ ಎಳೆದರು.

ಕೆಳಗಿನ ಮನೆಯ ತಿರುಮಲೇಶ ಇದನ್ನು ಕೇಳಿ ಕೆರಳಿದ. ಹಾಸನದವನು, ನೆಟ್‌ವರ್ಕ್ ಎಂಜಿನಿಯರು, ನಲವತ್ತಕ್ಕೆ ಎರಡು ಕಮ್ಮಿ, ಮದುವೆಯ ಮಾತೆತ್ತಿದರೆ ಹವಾಮಾನದ ಮಾತಾಡುವವನು. ಬೇಕಂತಲೇ ಸ್ಪೀಡು ಹಿಡಿದಿಡುತ್ತಾರೆ ಕಳ್ಳರು, ದಿನಾ ಅಳತೆ ಬರೆದಿಟ್ಟು ದೂರು ಕೊಡೋಣ ಎಂದು ಲ್ಯಾಪ್‌ಟಾಪ್ ಹಿಡಿದು ಬಂದೇಬಿಟ್ಟ.

ಅಂದಿನಿಂದ ನಾಲ್ಕು ಗಂಟೆಗೆ ಅವನು ಬಾಗಿಲು ತಟ್ಟುವುದು, ಅವಳು ಉಪ್ಪಿಟ್ಟೋ ಅವಲಕ್ಕಿಯೋ ಎರಡು ತಟ್ಟೆಗೆ ಹಾಕುವುದು ರೂಢಿಯಾಯಿತು. ಸ್ಪೀಡು ಬಿದ್ದಾಗ ಇಬ್ಬರೂ ಒಂದೇ ಪರದೆಗೆ ಬಗ್ಗುತ್ತಿದ್ದರು. ಅವನ ಭುಜ ತಾಗದಂತೆ ಅವಳು ಕೂರುತ್ತಿದ್ದಳು. ತಾಗದೆ ಹೋಯಿತಲ್ಲ ಎಂದು ಆಮೇಲೆ ಬೇಜಾರು ಪಡುತ್ತಿದ್ದಳು. ಶನಿವಾರ, ಭಾನುವಾರ ಅವನು ಬರುತ್ತಿರಲಿಲ್ಲ. ಆ ಎರಡು ದಿನ ತಟ್ಟೆಯ ತಿಂಡಿ ತಟ್ಟೆಯಲ್ಲೇ ಆರುತ್ತಿತ್ತು.

ಒಂದು ವಿಷಯವನ್ನು ಮಾತ್ರ ಅವಳು ಅವನಿಂದ ಮುಚ್ಚಿಟ್ಟಿದ್ದಳು.

ಗಂಡ ಮಧುಕರ್ ಹಾರ್ಟ್ ಅಟ್ಯಾಕಿನಲ್ಲಿ ಹೋಗಿ ಮೂರು ವರ್ಷ. ಈ ಸಲ ದಸರಾಕ್ಕೆ ಏನನ್ನಿಸಿತೋ, ಬೊಂಬೆಯ ಪೆಟ್ಟಿಗೆ ತೆರೆದಿದ್ದಳು. ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ರಾಜ ರಾಣಿ, ಅವರಿಗೆಂದು ಮಧುಕರ್ ಕೈಯಾರೆ ಮಾಡಿದ ಮರದ ಮಂಟಪ, ಅದಕ್ಕೆ ಅವನೇ ಸುತ್ತಿದ ಲೈಟಿನ ಸರ. ಪ್ಲಗ್ಗು ಹಾಕಿದ್ದೇ ಮಂಟಪ ಜಗ್ಗನೆ ಬೆಳಗಿತು. ವಿಜಯದಶಮಿಯ ರಾತ್ರಿ ಬೊಂಬೆಗಳನ್ನು ಮಲಗಿಸಬೇಕು, ಮರುದಿನ ಎತ್ತಿಡಬೇಕು. ರಾಜನನ್ನು ಮಲಗಿಸಲು ಅವಳಿಗೆ ಕೈ ಬರಲಿಲ್ಲ. ತಿಂಗಳಾದರೂ ಬೊಂಬೆಗಳು ಕಪಾಟಿನ ಮೇಲೆ ನಿಂತೇ ಇದ್ದವು, ಲೈಟೂ ಆರಿರಲಿಲ್ಲ.

ಆ ರಾಜ ತಿರುಗುತ್ತಿದ್ದ. ಬೆಳಿಗ್ಗೆ ನೆಟ್ಟಗೆ ನಿಲ್ಲಿಸಿದರೆ ಸಂಜೆ ಹೊತ್ತಿಗೆ ಅವನ ಮುಖ ಸೋಫಾದ ಕಡೆಗಿರುತ್ತಿತ್ತು. ಸೋಫಾದಲ್ಲಿ ಅವರಿಬ್ಬರು. ರೈಲು ಹೋಗುವಾಗ ನೆಲ ಅದುರಿ ಜರುಗುತ್ತಿರಬೇಕು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ರೈಲಿನ ಹಳಿ ಅಲ್ಲಿಂದ ಎರಡು ಮೈಲಿ ದೂರ.

ನವೆಂಬರಿನಲ್ಲಿ ಚಳಿಗಾಲದ ಲೆಕ್ಕಕ್ಕೆ ಅಮೆರಿಕದ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಯಿತು. ಸೋಮವಾರ ನೆಟ್ಟು ಬಿದ್ದದ್ದು ಮೂರೂ ಇಪ್ಪತ್ತಕ್ಕೆ. ಅವಳು ಫೋನ್ ಮಾಡಿದ್ದಕ್ಕೆ ಓಡಿಬಂದ ತಿರುಮಲೇಶ ಹುಬ್ಬು ಗಂಟಿಕ್ಕಿದ.

"ಕಂಪನಿಯವರಾಗಿದ್ರೆ ಇಲ್ಲಿನ ಗಡಿಯಾರ ನೋಡಿ ಹಿಡಿದಿಡ್ತಿದ್ರು. ಇದು ಗಡಿಯಾರ ಬದಲಾಗದ ದೇಶದ ಟೈಮು ಹಂಸಾ ಅವರೇ. ನಮ್ಮೂರಲ್ಲಿ ಈಗ ಬೆಳಗಿನ ಜಾವ ನಾಲ್ಕೂ ಐವತ್ತು."

ಮನೆಯಿಂದ ಯಾವುದೋ ಒಂದು ಸಾಧನ ಏನನ್ನೋ ದಂಡಿಯಾಗಿ ಹೊರಗೆ ಕಳಿಸುತ್ತಿದೆ, ಅದಕ್ಕೇ ಮಿಕ್ಕದ್ದಕ್ಕೆ ದಾರಿ ಸಿಗುತ್ತಿಲ್ಲ ಎನ್ನುತ್ತ ಅವನು ಅವಳ ಲ್ಯಾಪ್‌ಟಾಪಿನಲ್ಲಿ, ರೂಟರಿಗೆ ಹತ್ತಿಕೊಂಡ ಸಾಧನಗಳ ಪಟ್ಟಿ ತೆರೆದ. ಅವಳ ಲ್ಯಾಪ್‌ಟಾಪು, ಅವಳ ಫೋನು, ಅವನ ಫೋನು. ನಾಲ್ಕನೆಯದರ ಮುಂದೆ, ಈಗ ಕಳಿಸುತ್ತಿರುವುದು ಇದೇ ಎನ್ನುವ ಹಸಿರು ಚುಕ್ಕೆ ಉರಿಯುತ್ತಿತ್ತು.

"ಇಲ್ಲಿ ಮಧು ಅಂತ ಇದೆ. ಯಾರದು?"

ಮಧುಕರನ ಫೋನನ್ನು ಹಂಸಾಳೇ ಮೂರು ವರ್ಷದ ಹಿಂದೆ ಅವನ ಆಫೀಸಿಗೆ ವಾಪಸ್ ಕೊಟ್ಟಿದ್ದಳು. ಆ ಹೆಸರಿನಿಂದ ಅವನನ್ನು ಕರೆಯುತ್ತಿದ್ದವರು ಇಬ್ಬರೇ, ಅವಳು ಮತ್ತು ಅವನ ತಾಯಿ. ಕಪಾಟಿನತ್ತ ನೋಡಿದಳು. ರಾಜ ಅವರಿಬ್ಬರನ್ನೇ ನೋಡುತ್ತಿದ್ದ.

"ನಾಳೆಯಿಂದ ನೀವು ಬರಬೇಡಿ," ಎಂದಳು.

ಅವನು ಎದ್ದ. ಚಪ್ಪಲಿ ಮೆಟ್ಟಿಕೊಳ್ಳುವಾಗ ಒಮ್ಮೆ ತಿರುಗಿ ನೋಡಿದ.

ಮರುದಿನ ಮೂರೂ ಇಪ್ಪತ್ತಕ್ಕೆ ಹಂಸಾ ಒಬ್ಬಳೇ ಬೊಂಬೆಗಳ ಮುಂದೆ ನೆಲದ ಮೇಲೆ ಕೂತಳು. ಮೋಡಕ್ಕೆ ಮನೆಯೆಲ್ಲ ಮಬ್ಬಾಗಿತ್ತು. ಲ್ಯಾಪ್‌ಟಾಪಿನಲ್ಲಿ ತೆರೆದಿಟ್ಟ ಪಟ್ಟಿಯಲ್ಲಿ ಹಸಿರು ಚುಕ್ಕೆ ಹೊತ್ತಿಕೊಂಡಿತು. ಮಂಟಪದ ಒಳಗೆ ಟಿಕ್ ಎಂದು ಸಣ್ಣ ಸದ್ದು.

"ಮಧು," ಎಂದಳು. "ನಂಗೆ ಅವರು ಇಷ್ಟ ಆಗಿದ್ದಾರೆ. ನಿಂಗೆ ಕೋಪಾನಾ?"

ರಾಣಿಯ ಹಿಂದಿನಿಂದ ಯಾರೋ ಉಸಿರೆಳೆದುಕೊಂಡರು.

"ಮಧು ಅಲ್ಲ ಕನವ್ವ. ನಾನು."

ಅತ್ತೆ. ಮಂಡ್ಯದಲ್ಲಿ ಮಗಳ ಮನೆಯಲ್ಲಿದ್ದ ಜವರಮ್ಮ. ಮಗ ಹೋದಮೇಲೆ ಫೋನೆತ್ತದೆ, ಮಾತು ಬಿಟ್ಟವರು. ಹಂಸಾ ಕಾಗದದ ಹೂ ಸರಿಸಿದರೆ ಮಂಟಪದ ಕಂಬದಲ್ಲಿ ಹುಣಸೆಬೀಜದಷ್ಟು ಕಪ್ಪು ಕಣ್ಣು. ತಾಯಿಗೆ ಬೊಂಬೆ ಹಬ್ಬ ತೋರಿಸಲು ಮಧುಕರ್ ಕೂರಿಸಿದ್ದ ಕ್ಯಾಮೆರಾ. ಅವಳು ಮರೆತೇಬಿಟ್ಟಿದ್ದಳು. ಲೈಟಿನ ಪ್ಲಗ್ಗಿನಿಂದಲೇ ಅದಕ್ಕೂ ಕರೆಂಟು, ತಾಯಿಗೆ ಗುರುತು ಸಿಗಲೆಂದು ಮಧು ಎಂಬ ಹೆಸರು ಕೊಟ್ಟವನೂ ಅವನೇ, ವೈಫೈ ಪಾಸ್‌ವರ್ಡೂ ಅವನು ಇಟ್ಟ ಹಳೆಯದೇ.

"ದಿನಾ ಎದ್ದೇಟ್ಗೆ ಫೋನ್ ತೆಗ್ದು ನೋಡ್ತಿದ್ದೆ ಕನವ್ವ. ಮೂರು ವರ್ಸ ಬರೀ ಕಪ್ಪಗಿತ್ತು. ಈ ದಸರಾಕ್ಕೆ ಬೆಳಕು ಬಂತು, ನೀನು ಕಂಡೆ. ಮಾತಾಡುದ್ರೆ ಎಲ್ಲಿ ಕಿತ್ತಾಕ್ಬುಡ್ತೀಯೋ ಅಂತ ಸುಮ್ಕಿದ್ದೆ."

"ನೀವು ನನ್ನ ಮೇಲೆ ಸಿಟ್ಟಾಗಿದ್ದೀರ ಅಂದ್ಕೊಂಡಿದ್ದೆ ಅತ್ತೆ."

"ನಿನ್ ಗಂಟ್ಲು ಕೇಳುದ್ರೆ ಅವ್ನ್ ಗ್ಯಾಪ್ಕ ಬರೋದು. ಅದ್ಕೆ ಫೋನ್ ಎತ್ನಿಲ್ಲ." ಜವರಮ್ಮ ಮೂಗು ಒರೆಸಿಕೊಂಡದ್ದು ಕೇಳಿಸಿತು. "ಆ ಹುಡ್ಗ ಬಂದ್ ದಿವ್ಸ ನೀನು ಉಣ್ತೀಯೆ. ಬರ್ದಿದ್ ದಿವ್ಸ ತಟ್ಟೆ ಮುಂದಿಟ್ಕೊಂಡು ಗೋಡೆ ನೋಡ್ತೀಯೆ. ನಾನು ಕಂಡಿದ್ದು ಅಷ್ಟೇಯ. ಇವತ್ತು ಯಾಕ್ ಬಂದಿಲ್ಲ ಅವ್ನು?"

ಹಂಸಾ ಅತ್ತಳು. ಮೂರು ವರ್ಷದಲ್ಲಿ ಮೊದಲ ಸಲ ಬಾಯಿ ಬಿಟ್ಟು ಅತ್ತಳು. ಆಮೇಲೆ ಬರಿಗಾಲಲ್ಲಿ ಮೆಟ್ಟಿಲಿಳಿದು ಹೋಗಿ ಕೆಳಗಿನ ಮನೆಯ ಬಾಗಿಲು ತಟ್ಟಿದಳು.

ತಿರುಮಲೇಶ ಬಂದು ಬೊಂಬೆಗಳ ಮುಂದೆ ಕೈಮುಗಿದು ನಿಂತ. ಬೊಂಬೆಗೋ ಅತ್ತೆಗೋ ಅವನಿಗೇ ತಿಳಿಯದು. ವಸಿ ಮುಂದಕ್ಕೆ ಬಾರಪ್ಪ, ಮೊಕ ಕಾಣ್ಲಿ ಎಂದರು ಜವರಮ್ಮ. ನೋಡಿದರು. ಬೊಂಬೆ ಧೂಳು ಹಿಡಿದವೆ, ಇಬ್ರೂ ಸೇರಿ ಎತ್ತಿಡಿ ಎಂದು ಹೇಳಿ, ಹಾಲಿನವನು ಬಂದ ಎಂದು ಹೊರಟರು. ಹಸಿರು ಚುಕ್ಕೆ ಆರಿತು.

"ಇನ್ನೊಂದು ವಿಷಯ," ಎಂದ ತಿರುಮಲೇಶ, ನೆಲ ನೋಡುತ್ತ. "ಕಂಪನಿಯವರ ತಪ್ಪಿಲ್ಲ ಅಂತ ನಂಗೆ ಮೊದಲ ವಾರವೇ ಅನುಮಾನ ಬಂದಿತ್ತು. ಹೇಳಿದ್ರೆ ದಿನಾ ಬರೋಕೆ ಕಾರಣ ಇರ್ತಿರ್ಲಿಲ್ಲ. ನಿಮ್ಮ ಕೆಲಸದ ಜೊತೆ ಆಟ ಆಡಿಬಿಟ್ಟೆ. ಬೈದುಬಿಡಿ."

"ಕಳ್ಳರು ಅಂತ ಬೈತಿದ್ರಲ್ಲ, ಅದನ್ನ ನಿಮಗೇ ಇಟ್ಕೊಳ್ಳಿ," ಎಂದಳು ಹಂಸಾ. ಅವನ ಕೈ ಹಿಡಿದಳು. ಈ ಸಲ ಭುಜ ತಾಗಿತು.

ಅತ್ತೆಗೆ ಹೋಗುವ ವಿಡಿಯೋವನ್ನು ಸಣ್ಣದು ಮಾಡಿದರೆ ಸಾಕು, ಕ್ಯಾಮೆರಾ ಊಟದ ಮೇಜಿನ ಹತ್ತಿರ ಇರಲಿ, ಇನ್ನು ಸ್ಪೀಡು ಹಿಡಿದಿಡುವವನು ನಾನೇ ಎಂದು ಅವನು ಕ್ಯಾಮೆರಾ ಬಿಚ್ಚಿದ. ಅಂಗೈಯಲ್ಲಿಟ್ಟು ನೋಡಿದ.

"ಇದರ ಮೋಟಾರು ಎಲ್ಲಿದೆ? ಇದು ತಿರುಗ್ತಾ ರಾಜನನ್ನ ತಳ್ತಿತ್ತೇನೋ," ಎಂದು ಕೇಳಿದಳು ಅವಳು.

"ಮೋಟಾರೇ ಇಲ್ಲ. ಇದು ಅಲ್ಲಾಡೋ ಕ್ಯಾಮೆರಾನೇ ಅಲ್ಲ."

ಹಂಸಾ ಮೆಲ್ಲಗೆ ಕಪಾಟಿನತ್ತ ತಿರುಗಿದಳು. ಅವಳು ಕೆಳಗೆ ಓಡುವಾಗ ಸೋಫಾದ ಕಡೆ ನೋಡುತ್ತಿದ್ದ ರಾಜ ಈಗ ಬಾಗಿಲ ಕಡೆ ನೋಡುತ್ತಿದ್ದ, ತಿರುಮಲೇಶ ಒಳಗೆ ಬಂದ ಬಾಗಿಲ ಕಡೆ. ಅವಳಿಗೆ ಹೆದರಿಕೆಯಾಗಲಿಲ್ಲ. ಎರಡೂ ಕೈಯಲ್ಲಿ ಎತ್ತಿ, ಧೂಳು ಒರೆಸಿ, ಅವನನ್ನು ಪೆಟ್ಟಿಗೆಯ ಹತ್ತಿಯ ಮೇಲೆ ಮಲಗಿಸಿದಳು.