ಕಾಣದ ಬೆಳಕಿಗೂ ಗುಂಡಿ ಒತ್ತಿದವನು

ನೆಪ ಹೇಳುವುದರಲ್ಲಿ ಚಿದಂಬರ ಎತ್ತಿದ ಕೈ. ಎಂಟು ತಿಂಗಳಿಂದ ಅಪ್ಪ ಮುನಿರಾಮಪ್ಪನವರನ್ನು ಗಾಂಧಿ ಬಜಾರ್ ಹಿಂದಿನ ಕಣ್ಣಿನ ಕ್ಲಿನಿಕ್ಕಿಗೆ ಕರೆತರುತ್ತಿದ್ದ. ತಾನು ಮಾತ್ರ ಪರೀಕ್ಷೆಗೆ ಕೂರುತ್ತಿರಲಿಲ್ಲ. ಅಪ್ಪನ ಎಡಗಣ್ಣನ್ನು ಗ್ಲಾಕೋಮಾ ಎಂಬ ಕಾಯಿಲೆ ಸದ್ದಿಲ್ಲದೆ ನುಂಗಿತ್ತು. ಇದು ಮಕ್ಕಳಿಗೂ ಬರಬಹುದು, ಚಿದಂಬರನೂ ತಂಗಿ ಮೋನಿಷಾಳೂ ತೋರಿಸಿಕೊಳ್ಳಲೇಬೇಕು ಎಂದು ಅಲ್ಲಿ ಪರೀಕ್ಷೆ ಮಾಡುವ ರಂಜಿನಿ ಹೇಳಿ ಹೇಳಿ ದಣಿದಿದ್ದಳು.

“ನಂಗೇನಾಗಿದೆ? ನೀನು ಹುಬ್ಬು ಗಂಟು ಹಾಕಿದ್ದು ಬಾಗಿಲಿಂದಲೇ ಕಾಣುತ್ತೆ,” ಎಂದು ನಗುತ್ತಿದ್ದ ಪುಣ್ಯಾತ್ಮ. ಆ ನಗುವಿಗೇ ಅವಳು ಸೋತದ್ದು.

ಹೋದ ವಾರ ಸುಲ್ತಾನ್‌ಪೇಟೆಯ ತನ್ನ ಅಚ್ಚಿನ ಅಂಗಡಿಯಿಂದ ಲಗ್ನಪತ್ರಿಕೆಯೊಂದನ್ನು ತಂದು ಅವಳ ಮುಂದಿಟ್ಟ. ವಧು, ವರ ಎಂಬಲ್ಲಿ ಖಾಲಿ.

“ಯಾರದ್ದಿದು?”

“ಒಂದ್ ಹೆಸರು ನಂದು. ಇನ್ನೊಂದು ನೀನು ಹೇಳ್ಬೇಕು.”

ರಂಜಿನಿಯ ಕಿವಿಯ ತುದಿ ಕೆಂಪಾಯಿತು. ಆದರೂ ಗಟ್ಟಿಗಿತ್ತಿ, “ಮೊದ್ಲು ಕಣ್ಣು ತೋರ್ಸು, ಆಮೇಲೆ ಹೆಸರು,” ಎಂದುಬಿಟ್ಟಳು.

ಅದಕ್ಕೇ ಇಂದು ಬೆಳಿಗ್ಗೆ ಬಂದಿದ್ದ. ಕಣ್ಣಿನ ಒತ್ತಡ ನೋಡಿದ ಡಾಕ್ಟರ್ ಸುತ್ತಲಿನ ನೋಟವನ್ನೂ ಪರೀಕ್ಷಿಸಲಿ ಎಂದು ಅವನನ್ನು ರಂಜಿನಿಯ ಕತ್ತಲೆ ಕೋಣೆಗೆ ಕಳಿಸಿದರು.

ಬಲಗಣ್ಣಿನ ಪರೀಕ್ಷೆ ಸಲೀಸಾಗಿ ಮುಗಿಯಿತು. ಆಮೇಲೆ ಅದನ್ನು ಮುಚ್ಚಿ, ಅವನ ಗಲ್ಲವನ್ನು ಯಂತ್ರದ ಮೇಲೆ ಇಡಿಸಿ, ಗುಂಡಿಯನ್ನು ಕೈಗೆ ಕೊಟ್ಟಳು. ಬೆರಳಿಗೆ ಬೆರಳು ತಾಕಿತು. ಇಬ್ಬರೂ ಬೇಗ ತೆಗೆಯಲಿಲ್ಲ.

“ಮಧ್ಯದ ಚುಕ್ಕೆನೇ ನೋಡ್ತಿರು. ಸುತ್ತ ಎಲ್ಲಾದ್ರೂ ಬೆಳಕು ಮಿನುಗಿದ್ರೆ ಗುಂಡಿ ಒತ್ತು. ನನ್ನ ನೋಡ್ಬೇಡ.”

“ಅದೇ ಕಷ್ಟ.”

ಟಕ್, ಟಕ್, ಟಕ್. ಒಂದೇ ಹದದಲ್ಲಿ ಒತ್ತುತ್ತಾ ಹೋದ. ರಂಜಿನಿಯ ಪರದೆಯ ಮೇಲೆ ತಪ್ಪುಗಳು ಏರತೊಡಗಿದವು. ಯಂತ್ರ ಬೇಕೆಂದೇ ಬೆಳಕು ತೋರಿಸದೆ ಸುಮ್ಮನಿದ್ದಾಗಲೂ ಒತ್ತುತ್ತಿದ್ದಾನೆ! ಅಚ್ಚಿನ ಮೆಷಿನ್ನಿನ ಸದ್ದಿನಲ್ಲೇ ಬೆಳೆದವನು. ಈ ಯಂತ್ರದ ಸದ್ದಿನ ತಾಳವನ್ನೂ ಹಿಡಿದುಬಿಟ್ಟಿದ್ದ. ಕಣ್ಣು ಕಾಣುವವನಿಗೆ ಈ ಕಳ್ಳಾಟ ಯಾಕೆ?

ಯಂತ್ರ ನಿಲ್ಲಿಸಿದಳು. “ಯಾರಿಗೆ ಮೋಸ ಮಾಡ್ತಿದೀಯ?”

ಚಿದಂಬರ ಗಲ್ಲವನ್ನು ಯಂತ್ರದಿಂದ ತೆಗೆದ. “ಅಪ್ಪಂಗೂ ಗೊತ್ತೇ ಆಗ್ಲಿಲ್ಲ ಕಣೇ. ಒಂದಿನ ಅಮ್ಮ ಎಡಗಡೆ ನಿಂತು ಬಡಿಸ್ತಿದ್ರು. ಅಪ್ಪ ಅಡುಗೆಮನೆ ಕಡೆ ನೋಡ್ಕೊಂಡು ‘ಎಲ್ಲಿದೀಯೇ, ಸಾರು ತಾ’ ಅಂತ ಕೂಗಿದ್ರು. ಅಮ್ಮ ಸೌಟು ಹಿಡ್ಕೊಂಡು ಹಾಗೇ ನಿಂತ್ಬಿಟ್ರು. ನಂಗೆ ಭಯ. ಗೊತ್ತಾದ್ರೆ ನೀನು ಬೇಡ ಅಂತೀಯ ಅಂತ.”

“ಮತ್ತೆ ಕೂತ್ಕೋ. ಈ ಸಲ ಕಂಡಿದ್ದಕ್ಕೆ ಮಾತ್ರ.”

ಈ ಸಲ ಗುಂಡಿ ಸುಮ್ಮನಾಯಿತು. ಬೆಳಕು ಎಲ್ಲಿ ಮಿನುಗುತ್ತಿದೆ ಎಂಬುದು ಅವಳಿಗೆ ಪರದೆಯ ಮೇಲೆ ಕಾಣುತ್ತಿತ್ತು, ಅವನಿಗೆ ಕಾಣುತ್ತಿರಲಿಲ್ಲ. ಒಂದು ಹೋಯಿತು. ಇನ್ನೊಂದು ಹೋಯಿತು. ಒತ್ತೋ ಮಾರಾಯ, ಒತ್ತೋ ಎಂದು ಅವಳ ಜೀವ ಒಳಗೇ ಕೂಗಿಕೊಂಡಿತು. ಅವನ ಹೆಬ್ಬೆರಳು ಕದಲಲಿಲ್ಲ.

ಹಾಳೆ ಹೊರಬಂದಾಗ ಎಡಗಣ್ಣಿನ ನಕ್ಷೆಯಲ್ಲಿ ಮೇಲ್ಭಾಗ ಕಪ್ಪಗಿತ್ತು. ಡಾಕ್ಟರ್ ಅದನ್ನು ನೋಡಿ, ಅಪ್ಪನ ಕಾಯಿಲೆಯೇ ಎಂದರು. ಹೋದ ದೃಷ್ಟಿ ಬರುವುದಿಲ್ಲ. ಉಳಿದದ್ದು ಉಳಿಯಬೇಕಾದರೆ ದಿನವೂ ತಪ್ಪದೆ ಡ್ರಾಪ್ಸ್ ಹಾಕಬೇಕು.

ಹೊರಗಿನ ಬೆಂಚಿನ ಮೇಲೆ ಚಿದಂಬರ ಕುಸಿದು ಕೂತ. “ಪತ್ರಿಕೆ ವಿಷ್ಯ ಮರ್ತ್ಬಿಡು ರಂಜಿನಿ. ನಾಳೆ ಮಕ್ಕಳಾದ್ರೆ ಅವ್ರನ್ನೂ ಇದೇ ಕುರ್ಚೀಲಿ ಕೂರಿಸ್ಬೇಕಾಗುತ್ತೆ.”

“ಕೂರಿಸ್ತೀನಿ. ನಾನೇ ಕೂರಿಸ್ತೀನಿ. ಸುಮ್ನೆ ಎಂಟು ತಿಂಗಳು ಹಾಳು ಮಾಡಿದ್ಯಲ್ಲೋ, ಆ ಸಿಟ್ಟು ಬೇರೆ. ಅದಕ್ಕೆ ನಿನ್ನ ಬಿಟ್ಟು ಹೋಗ್ಲಾ?” ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅವನ ಜೇಬಿನಿಂದ ಫೋನ್ ಕಿತ್ತುಕೊಂಡು ಮೋನಿಷಾಳ ನಂಬರ್ ಒತ್ತಿದಳು.

“ಹೇಳೋ ಅಣ್ಣ,” ಎಂದಿತು ನಗು ತುಂಬಿದ ದನಿ.

“ಅಣ್ಣ ಅಲ್ಲ. ನಾನು ರಂಜಿನಿ, ನಿಂಗೆ ಅತ್ತಿಗೆ ಆಗೋಳು. ನಾಳೆ ಬೆಳಿಗ್ಗೆನೇ ಕಣ್ಣು ತೋರ್ಸೋಕೆ ಬರ್ಬೇಕು.”

ಚಿದಂಬರ ತಟ್ಟನೆ ತಲೆ ಎತ್ತಿ ಅವಳನ್ನೇ ನೋಡಿದ. ಫೋನಿನ ಆ ಕಡೆ ನಗು ನಿಂತುಹೋಗಿತ್ತು.

“ಅಣ್ಣಂಗೆ ಏನಾಯ್ತು, ಅತ್ತಿಗೆ?”