ಒಂದೇ ಸಾಲಿನ ಆದೇಶ

ಹಾವೇರಿಯ ಹೊಸ ಶಾಖೆಯನ್ನು ಮಾಲೀಕ ರಾಘಣ್ಣ ಹೀನಾಳಿಗೆ ವಹಿಸಿದ ದಿನ ವಿಜಯೇಂದ್ರನ ಹೊಟ್ಟೆ ಉರಿಯಿತು. ರಾಣೆಬೆನ್ನೂರಿನ ಆ ಪುಟ್ಟ ಸಾಫ್ಟ್‌ವೇರ್ ಕಚೇರಿಗೆ ಅವಳಿಗಿಂತ ಮೂರು ವರ್ಷ ಮೊದಲು ಸೇರಿದವನು ಅವನು. ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಆದೇಶ ಬರೆಯಲು ಅವಳಿಗೆ ಕಲಿಸಿದವನೂ ಅವನೇ. ಗುರುವಿಗೇ ತಿರುಮಂತ್ರ.

ಅವಳನ್ನು ಕೆಡವಲು ದಾರಿ ಸುಲಭವಿತ್ತು. ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಮೆಣಸಿನಕಾಯಿ ಚೀಲಗಳಿಗೆ ನಂಬರ್ ಚೀಟಿ ಮುದ್ರಿಸುವ ಪ್ರೋಗ್ರಾಂ ಇವರದು. ಅದು ನಿಂತಿದ್ದು ಯಾರ್ಯಾರೋ ಬರೆದು ಪುಕ್ಕಟೆ ಹಂಚಿದ ನಲವತ್ತು ಸಿದ್ಧ ಪ್ರೋಗ್ರಾಂ ತುಣುಕುಗಳ, ಅಂದರೆ ಪ್ಯಾಕೇಜುಗಳ ಮೇಲೆ. ಯಾವುದಕ್ಕೆ ಯಾವುದು ಬೇಕೆಂದು ಹುಡುಕಿ ಇಂಟರ್ನೆಟ್ಟಿನಿಂದ ತರಲು ಒಂದೇ ಸಾಲಿನ ಆದೇಶ ಸಾಕು. ಪಟ್ಟಿಯಲ್ಲಿ ‘ಇದು ಅಥವಾ ಇದಕ್ಕಿಂತ ಹೊಸದು’ ಎಂದಿದ್ದರೆ ಹೊಸದನ್ನೇ ತರುತ್ತದೆ. ಆ ಪ್ರೋಗ್ರಾಂ ನೋಡಿಕೊಳ್ಳುತ್ತಿದ್ದ ಹೀನಾಳ ಪಟ್ಟಿಯಲ್ಲಿ ಹಾಗೆಯೇ ಇತ್ತು.

ಆ ನಲವತ್ತರಲ್ಲಿ ಒಂದನ್ನು ಬರೆದವರು ಕೈಬಿಟ್ಟಿದ್ದರು. ವಿಜಯೇಂದ್ರ ಸುಳ್ಳು ಹೆಸರಿನಲ್ಲಿ ಅದರ ಉಸ್ತುವಾರಿ ಪಡೆದ. ಎಲ್ಲ ಚೀಲಕ್ಕೂ ಒಂದೇ ನಂಬರು ಬೀಳುವಂತೆ ತಿದ್ದಿದ. ಸೋಮವಾರ ಎಲ್ಲರಿಗಿಂತ ಮೊದಲು ಕಚೇರಿಗೆ ಬಂದು, ಮೊಬೈಲ್ ನೆಟ್ಟಿನಿಂದ ಹೊಸ ಆವೃತ್ತಿ ಬಿಡುಗಡೆ ಮಾಡಿದ. ಬಳಿಕ ತನ್ನ ಮೇಜಿನ ಕಂಪ್ಯೂಟರಿನಲ್ಲಿ, ಏನನ್ನೂ ಹಾಕದೆ ‘ಹಾಕಿದರೆ ಏನಾಗುತ್ತದೆ’ ಎಂದಷ್ಟೇ ತೋರಿಸುವ ಪರೀಕ್ಷೆ ನಡೆಸಿದ. ಆದೇಶ ಅವನದನ್ನೇ ಆರಿಸಿತು. ಕಂಪ್ಯೂಟರಿನಲ್ಲಿ ಒಂದು ಗುರುತೂ ಉಳಿಯಲಿಲ್ಲ.

ಹತ್ತಕ್ಕೆ ಹೀನಾ ಎಂದಿನಂತೆ ಆದೇಶ ಕೊಟ್ಟು, ಪ್ರೋಗ್ರಾಂ ಅನ್ನು ಬ್ಯಾಡಗಿಗೆ ಕಳಿಸಿದಳು. ಹನ್ನೊಂದಕ್ಕೆ ಬ್ಯಾಡಗಿಯಿಂದ ಫೋನು ಬಂತು. ಮಾರುಕಟ್ಟೆಯ ದಿನ, ಎಂಟುನೂರು ಚೀಲ, ಒಂದೇ ನಂಬರು. ಯಾವ ಕಾಯಿ ಯಾರದೆಂದು ತಿಳಿಯದೆ ಗೇಟಿನಲ್ಲಿ ಜಗಳ ಹತ್ತಿತ್ತು.

“ನೋಡಲಾರದ ಹೆಂಗ್ ಹಾಕಿದಿ?” ಎಂದರು ರಾಘಣ್ಣ. “ಹಾವೇರಿ ಬಿಡು, ನಾಳಿಂದ ಇಲ್ಲಿಗೂ ಬರಬ್ಯಾಡ.”

“ಎಲ್ಲಿ ತಪ್ಪಾತು ಅಂತ ಹುಡುಕಿ, ಸರಿ ಮಾಡಿ ಹೋಗ್ತೇನ್ರಿ ಸರ್.” ಅವಳು ವಿಜಯೇಂದ್ರನತ್ತ ತಿರುಗಿದಳು. “ವಿಜಯಣ್ಣ, ನೀವು ಕಲಿಸಿದಂಗ ಮಾಡೇನ್ರಿ.”

ವಿಜಯೇಂದ್ರನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಮಗಳಿಗೆ ಹಾವೇರಿ ಸಿಕ್ಕ ಖುಷಿಗೆ ಅವಳ ತಾಯಿ ಮುಮ್ತಾಜಬಿ ಮೊನ್ನೆ ಅವನಿಗೂ ಶಾವಿಗೆ ಪಾಯಸ ಕಳಿಸಿದ್ದರು. ಎಲ್ಲವನ್ನೂ ಹೇಳಿಬಿಡಬೇಕೆಂದು ಬಾಯಿ ತೆರೆದ.

“ಒಂದೊಂದ ಸಲ ಹಂಗಾಗ್ತೈತಿ ಬಿಡವಾ,” ಎಂದ.

ಹೀನಾ ಆಗಲೇ ಪರದೆಯತ್ತ ತಿರುಗಿದ್ದಳು. ದಿನಕ್ಕೆ ನಾಲ್ಕು ಸಲ ನೆಟ್ ಹೋಗುವ ಊರು. ಹಾಗಾಗಿ ತಂದ ಪ್ಯಾಕೇಜುಗಳ ನಕಲು ಮೂಲೆಯ ಹಳೆಯ ಕಂಪ್ಯೂಟರಿನಲ್ಲಿ ಉಳಿಯುವಂತೆ ಅವಳು ಮಾಡಿಟ್ಟಿದ್ದಳು. ಕಚೇರಿಯ ಯಾವ ಆದೇಶವೂ ಅದನ್ನು ದಾಟಿಯೇ ಹೊರಗೆ ಹೋಗಬೇಕು. ಹಾಕದೆ ಬರೀ ಕೇಳಿ ನೋಡಿದರೂ ಯಾರು, ಯಾವಾಗ, ಏನು ಕೇಳಿದರೆಂದು ಅದು ಬರೆದಿಟ್ಟುಕೊಳ್ಳುತ್ತದೆ. ಆ ದಾಖಲೆಯ ವಿಷಯ ವಿಜಯೇಂದ್ರನಿಗೆ ಗೊತ್ತಿರಲಿಲ್ಲ. “ಸರ್, ಇಲ್ನೋಡ್ರಿ,” ಎಂದಳು. “ಈ ಹೊಸಾದು ಹೊರಗ ಬಂದದ್ದ ಎಂಟೂವರಿಗೆ. ನಾ ಕೇಳಿದ್ದು ಹತ್ತಕ್ಕ. ಆದರ ಅದು ಬಂದ ಎರಡ ನಿಮಿಷಕ್ಕ ನಮ್ಮ ಆಫೀಸಿಂದ ಯಾರೋ ಇದನ್ನಷ್ಟ ಕೇಳ್ಯಾರ್ರಿ.” ಆ ಸಾಲಿನ ಪಕ್ಕದಲ್ಲಿ ಬರೆದಿದ್ದ ಕಂಪ್ಯೂಟರಿನ ಹೆಸರನ್ನು ಅವಳು ಬಾಯಿಬಿಟ್ಟು ಓದಲಿಲ್ಲ. ರಾಘಣ್ಣ ಕನ್ನಡಕ ಏರಿಸಿ ಬಗ್ಗಿ ಓದಿದರು, ಆಮೇಲೆ ವಿಜಯೇಂದ್ರನ ಮೇಜಿನ ಕಡೆ ನೋಡಿದರು.